ಮೂರನೇ ವರ್ಷ ನಿನ್ನ ಪಕ್ಕ ಯಾರು ನಿಂತಿರುತ್ತಾರೆ?

ಇದು ನನ್ನ ಹತ್ತಿರ ಸಲಹೆಗೆ ಬಂದ, ಎರಡು ಮೆಡಿಕಲ್ ಸೀಟಿನಲ್ಲಿ ಒಂದನ್ನು ಆರಿಸಬೇಕಾಗಿದ್ದ ಹುಡುಗಿಯ ಕಥೆ. ಹೆಸರು, ಊರು, ಮನೆಯವರ ಕೆಲಸ ಎಲ್ಲ ಬದಲಿಸಿದ್ದೇನೆ. ಎರಡೂ ಕಾಲೇಜುಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಬರೆಯಲು ಹುಡುಗಿಯ ಒಪ್ಪಿಗೆ ಇದೆ. ಓದಿ ಎರಡು ಕಡೆ ತಿದ್ದಿಯೂ ಕೊಟ್ಟಿದ್ದಾಳೆ.

ಅವಳನ್ನು ಚೈತ್ರಾ ಅಂತ ಕರೆಯೋಣ. 25 ವರ್ಷ. ಹುಟ್ಟಿ ಬೆಳೆದದ್ದು ನ್ಯೂಜೆರ್ಸಿಯಲ್ಲಿ. ಅಪ್ಪ ಹಾಸನದ ಕಡೆಯವರು, ಅಮ್ಮ ಮೈಸೂರಿನವರು. ಮೊದಲು ಫೋನ್ ಮಾಡಿದ್ದು ಅಪ್ಪ. "ಮೇಡಂ, ಮಗಳಿಗೆ ಎರಡು ಮೆಡಿಕಲ್ ಸೀಟು ಸಿಕ್ಕಿದೆ. ಇನ್ನು ಮೂರು ವಾರದಲ್ಲಿ ಒಂದನ್ನು ಬಿಡಬೇಕು. ಅವಳು ರೂಮಿನಿಂದ ಹೊರಗೇ ಬರ್ತಿಲ್ಲ" ಅಂದರು. ಸೀಟು ಸಿಗದ ಮನೆಗಳಿಂದ ಇಂಥ ಫೋನ್ ಬರುವುದು ಮಾಮೂಲು. ಎರಡು ಸಿಕ್ಕ ಮನೆಯಿಂದ ಬಂದದ್ದು ಅದೇ ಮೊದಲು.

ಮೊದಲ ದಿನ ಮೂವರೂ ಬಂದರು. ಅಪ್ಪ ಸಾಫ್ಟ್‌ವೇರ್‌ನವರು, ಐಪ್ಯಾಡ್‌ನಲ್ಲಿ ಎಕ್ಸೆಲ್ ಹಾಳೆ ತೆರೆದರು. ಫೀಸು, ಮನೆಯಿಂದ ದೂರ, ಕಾಲೇಜು ಶುರುವಾದ ವರ್ಷ, ಎಷ್ಟು ಪರ್ಸೆಂಟ್ ಮ್ಯಾಚ್ ಆಗಿದ್ದಾರೆ (ಓದು ಮುಗಿಸುವವರಿಗೆ ಆಸ್ಪತ್ರೆ ತರಬೇತಿಯ ಜಾಗ ಹಂಚುವುದಕ್ಕೆ ಅಲ್ಲಿ ಮ್ಯಾಚ್ ಅನ್ನುತ್ತಾರೆ), ಹೀಗೆ ಸಾಲು ಸಾಲು. ಎಲ್ಲದಕ್ಕೂ ಅಂಕ ಕೊಟ್ಟು ಕೂಡಿದ್ದರು. ಮನೆ ಹತ್ತಿರದ ಕಾಲೇಜು ಮೂರು ಅಂಕದಿಂದ ಗೆದ್ದಿತ್ತು. ಚೈತ್ರಾ ಹಾಳೆಯ ಕಡೆ ನೋಡಲೇ ಇಲ್ಲ. ತನ್ನ ಶೂ ಲೇಸ್ ನೋಡುತ್ತಾ ಕೂತಿದ್ದಳು.

ಎರಡೂ ಡಿಓ ಕಾಲೇಜುಗಳು, ಅಂದರೆ ಆಸ್ಟಿಯೋಪತಿಕ್ ಮೆಡಿಸಿನ್. ಊರಿನಲ್ಲಿರುವವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕದಲ್ಲಿ ಡಾಕ್ಟರಾಗಲು ಎರಡು ದಾರಿ ಇದೆ, ಎಂಡಿ ಮತ್ತು ಡಿಓ. ಎರಡೂ ನಾಲ್ಕು ವರ್ಷದ ಓದು, ಆಮೇಲೆ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಾ ಒಂದು ವಿಭಾಗದಲ್ಲಿ ಪಡೆಯುವ ತರಬೇತಿ. ಡಿಓ ಪದ್ಧತಿಯನ್ನು ಶುರು ಮಾಡಿದ್ದು ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ಡಾಕ್ಟರು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಶಾಲೆ ತೆರೆದರು. ಇವತ್ತಿಗೂ ಡಿಓ ವಿದ್ಯಾರ್ಥಿಗಳು ಉಳಿದ ಪಾಠದ ಜೊತೆ ಮೂಳೆ, ಸ್ನಾಯುಗಳನ್ನು ಕೈಯಿಂದಲೇ ಪರೀಕ್ಷಿಸಿ ಸರಿಮಾಡುವುದನ್ನೂ ಕಲಿಯುತ್ತಾರೆ. ಔಷಧಿ ಬರೆಯುವುದು, ಆಪರೇಷನ್ ಮಾಡುವುದು, ಎಲ್ಲದರಲ್ಲೂ 50 ರಾಜ್ಯಗಳಲ್ಲಿ ಎಂಡಿಗಿರುವ ಹಕ್ಕೇ ಡಿಓಗೂ ಇದೆ. ಬ್ರಿಟನ್ನಿನ ಆಸ್ಟಿಯೋಪತ್ ಬೇರೆ, ಅವರು ಕೈಚಿಕಿತ್ಸೆ ಮಾಡುವವರು. ನಮ್ಮ ಜನ ಹೆಸರು ಕೇಳಿದ ಕೂಡಲೇ "ಹೋಮಿಯೋಪತಿನಾ?" ಅನ್ನುತ್ತಾರೆ. ಅದಂತೂ ಅಲ್ಲವೇ ಅಲ್ಲ.

ಎರಡನೇ ಸಲ ಚೈತ್ರಾ ಒಬ್ಬಳನ್ನೇ ಕರೆದೆ. "ಆಂಟಿ" ಅಂತ ಶುರು ಮಾಡಿದಳು. ಹೆಸರು ಹಿಡಿದು ಕರೆ ಅಂದರೂ ಆಂಟಿ ಬಿಡಲಿಲ್ಲ. ಅವಳಿಗೆ ಸರ್ಜನ್ ಆಗುವ ಆಸೆ. ಕಾಲೇಜಿನ ಮಾತು ಎತ್ತದೆ, ಸರ್ಜರಿ ಯಾಕೆ ಅಂತ ಮಾತ್ರ ಕೇಳಿದೆ.

ಎಮರ್ಜೆನ್ಸಿ ವಿಭಾಗದಲ್ಲಿ ಡಾಕ್ಟರ ಜೊತೆ ಕೂತು ಟಿಪ್ಪಣಿ ಬರೆಯುವ ಸ್ಕ್ರೈಬ್ ಕೆಲಸವನ್ನು ಎರಡು ವರ್ಷ ಮಾಡಿದ್ದಳಂತೆ. ಅಲ್ಲಿನ ಸರ್ಜನ್ ಒಬ್ಬರು ಒಂದು ದಿನ ಆಪರೇಷನ್ ನೋಡಲು ಕರೆದರು. ಹರ್ನಿಯಾದಲ್ಲಿ ಸಿಕ್ಕಿಕೊಂಡ ಕರುಳು. "ಕಪ್ಪಗೆ ಇತ್ತು ಆಂಟಿ. ಬಿಡಿಸಿ, ಬಿಸಿ ಬಟ್ಟೆ ಸುತ್ತಿ ಸುಮ್ನೆ ಕಾದರು. ಎಲ್ಲರೂ ಗಡಿಯಾರ ನೋಡ್ತಾ ನಿಂತಿದ್ದೆವು. ನಿಧಾನವಾಗಿ ಗುಲಾಬಿ ಬಣ್ಣ ಬಂತು. ಕತ್ತರಿಸಲಿಲ್ಲ. ಆ ಕಾಯೋದು ಇದೆಯಲ್ಲ, ಅದು ನನಗೆ ಬೇಕು." ಆ ದಿನ ಅವಳು ಮುಖ ಎತ್ತಿ ಮಾತಾಡಿದ್ದು ಅಷ್ಟು ಹೊತ್ತು ಮಾತ್ರ.

ಹಾಗಾದರೆ ರೂಮಿನ ಬಾಗಿಲು ಹಾಕಿಕೊಂಡದ್ದು ಯಾಕೆ? ಅಮ್ಮ ಊರಿಗೆ ಫೋನ್ ಮಾಡಿ "ಎಂಡಿ ಸೀಟು ಸಿಕ್ತು" ಅಂತ ಹೇಳಿಬಿಟ್ಟಿದ್ದರು. ಚೈತ್ರಾ ಎರಡು ವರ್ಷ ಅರ್ಜಿ ಹಾಕಿದ್ದಳು, ಎಂಡಿ ಕಾಲೇಜು ಒಂದೂ ಕರೆದಿರಲಿಲ್ಲ. ಅಮ್ಮನ ಸುಳ್ಳು ಅವಳ ಕಿವಿಗೆ ಬಿದ್ದಾಗ ಅರ್ಥವಾದದ್ದು ಒಂದೇ: ನನಗೆ ಸಿಕ್ಕಿದ್ದು ಹೇಳಿಕೊಳ್ಳುವಂಥದ್ದಲ್ಲ.

ಇಲ್ಲಿಗೆ ಬರುವ ಮಕ್ಕಳ ಜೊತೆ ನಾನು ಮಾಡುವ ಮೊದಲ ಕೆಲಸ ಇದೇ. ನಾಚಿಕೆಯನ್ನು ಮೇಜಿನ ಮೇಲೆ ಇಡಿಸುವುದು. ಅದು ಒಳಗಿದ್ದರೆ ಯಾವ ಕಾಲೇಜಿಗೆ ಹೋದರೂ ಜೊತೆಗೆ ಬರುತ್ತದೆ. ಅಮ್ಮನನ್ನೂ ಕರೆಸಿದೆ. ಅವರು ಕಣ್ಣೊರೆಸಿಕೊಂಡು, "ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ, ಒಂದಲ್ಲ ಒಂದು ದಿನ ಗೊತ್ತಾಗುತ್ತೆ ಅಂತ ನನಗೂ ಗೊತ್ತಿತ್ತು" ಅಂದರು. ಅಪ್ಪನಿಗೂ ಡಿಓ ಎರಡನೇ ದರ್ಜೆ ಎಂಬ ಅನುಮಾನ. ಅವರಿಗೆ ಕ್ಯಾಲಿಫೋರ್ನಿಯಾದ ಕಥೆ ಹೇಳಿದೆ. 1962ರಲ್ಲಿ ಅಲ್ಲಿನ ಸುಮಾರು ಎರಡು ಸಾವಿರ ಡಿಓಗಳು 65 ಡಾಲರ್ ಕಟ್ಟಿ ಎಂಡಿ ಪದವಿ ಪಡೆದರು. ಒಂದು ಚಿಕ್ಕ ಸೆಮಿನಾರ್ ಬಿಟ್ಟರೆ ಹೊಸ ಓದಿಲ್ಲ, ಹೊಸ ಪರೀಕ್ಷೆ ಇಲ್ಲ. "ಬರೀ 65 ಡಾಲರಾ?" ಅಂತ ಅವರು ಮೊದಲ ಸಲ ನಕ್ಕರು.

ಆದರೆ ನಕ್ಕು ಮುಗಿಸುವ ವಿಷಯವೂ ಅಲ್ಲ. ಸರ್ಜರಿಗೆ ಡಿಓ ದಾರಿ ಸ್ವಲ್ಪ ಕಡಿದು ಅನ್ನುವುದು ನಿಜ, ಅದನ್ನು ಅವಳಿಂದ ಮುಚ್ಚಿಡಲಿಲ್ಲ. 2020ರಿಂದ ಎಂಡಿ, ಡಿಓ ರೆಸಿಡೆನ್ಸಿಗಳೆಲ್ಲ ಒಂದೇ ಮಾನ್ಯತೆಯ ಕೆಳಗೆ ಬಂದಿವೆ. 2024ರ ಮ್ಯಾಚ್‌ನಲ್ಲಿ ಕೊನೆಯ ವರ್ಷದ ಡಿಓಗಳಲ್ಲಿ 92.3 ಪರ್ಸೆಂಟ್, ಎಂಡಿಗಳಲ್ಲಿ 93.5 ಪರ್ಸೆಂಟ್ ಜನಕ್ಕೆ ಜಾಗ ಸಿಕ್ಕಿತು. ಅಂತರ ಇಷ್ಟೇನಾ ಅನ್ನಿಸುತ್ತದೆ. ಆದರೆ ಅದು ಎಲ್ಲ ವಿಭಾಗ ಸೇರಿದ ಲೆಕ್ಕ. ನ್ಯೂರೋಸರ್ಜರಿ, ಪ್ಲಾಸ್ಟಿಕ್ ಸರ್ಜರಿ ಕಡೆ ಹೋದರೆ ಡಿಓಗಳ ಸಂಖ್ಯೆ ಬಹಳ ಇಳಿಯುತ್ತದೆ. ಚೈತ್ರಾಗೆ ಬೇಕಾದ ಜನರಲ್ ಸರ್ಜರಿಯಲ್ಲಿ ದಾರಿ ತೆರೆದಿದೆ, ಆದರೆ ದುಡಿಯಬೇಕು. ಡಿಓಗಳಿಗೆ ಕಾಮ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ ಕಡ್ಡಾಯ. ಸರ್ಜರಿ ಬೇಕೆನ್ನುವವರು ಅದರ ಮೇಲೆ ಎಂಡಿಗಳ ಯುಎಸ್‌ಎಂಎಲ್‌ಇಯನ್ನೂ ಬರೆಯುವುದು ಒಳ್ಳೆಯದು, ಎಷ್ಟೋ ಕಡೆ ಅದನ್ನೇ ನೋಡುತ್ತಾರೆ. 2022ರಿಂದ ಎರಡರದೂ ಮೊದಲ ಹಂತಕ್ಕೆ ಅಂಕ ಇಲ್ಲ, ಪಾಸು ಇಲ್ಲವೇ ಫೇಲು ಅಷ್ಟೇ. ಹಾಗಾಗಿ ಎರಡನೇ ಹಂತದ ಅಂಕ, ಸರ್ಜನ್‌ಗಳು ಬರೆಯುವ ಪತ್ರ, ಥಿಯೇಟರಿನಲ್ಲಿ ನಿಮ್ಮನ್ನು ಕಣ್ಣಾರೆ ನೋಡಿದವರ ಮಾತು, ಇವುಗಳ ತೂಕ ಜಾಸ್ತಿಯಾಗಿದೆ.

ಈಗ ಎಕ್ಸೆಲ್ ಹಾಳೆಗೆ ಬಂದೆವು. ಮನೆ ಹತ್ತಿರದ್ದು ಹಳೇ ಕಾಲೇಜು, ಹೆಸರು ದೊಡ್ಡದು, ಕಟ್ಟಡ ಹೊಳೆಯುತ್ತದೆ. ತರಗತಿಯೂ ದೊಡ್ಡದು. ಬಹಳಷ್ಟು ಡಿಓ ಕಾಲೇಜುಗಳ ಹಾಗೆ ಅದಕ್ಕೂ ಸ್ವಂತ ಆಸ್ಪತ್ರೆ ಇಲ್ಲ. ಮೂರನೇ ವರ್ಷ ಮಕ್ಕಳನ್ನು ಲಾಟರಿ ಎತ್ತಿ ಬೇರೆ ಬೇರೆ ಊರಿನ ಆಸ್ಪತ್ರೆಗಳಿಗೆ ಕಲಿಯಲು ಕಳಿಸುತ್ತಾರೆ, ಕೆಲವು ಜಾಗ ಬೇರೆ ರಾಜ್ಯದಲ್ಲೂ ಇವೆ. ಇನ್ನೊಂದು ಮಿಡ್‌ವೆಸ್ಟ್‌ನ ಚಿಕ್ಕ ಊರು, ಆರು ತಿಂಗಳು ಚಳಿ. ಆದರೆ ಹೆಚ್ಚಿನ ವಿದ್ಯಾರ್ಥಿಗಳು ಪಕ್ಕದ ಒಂದೇ ಆಸ್ಪತ್ರೆಗೆ ಹೋಗುತ್ತಾರೆ, ಆ ಆಸ್ಪತ್ರೆಯಲ್ಲಿ ಜನರಲ್ ಸರ್ಜರಿ ರೆಸಿಡೆನ್ಸಿ ಇದೆ. ಅಪ್ಪನ ಹಾಳೆಯಲ್ಲಿ ಈ ವಿಷಯಕ್ಕೆ ಒಂದು ಸಾಲೂ ಇರಲಿಲ್ಲ.

ನಾನು ಅಡ್ಮಿಷನ್ ಸಲಹೆಗಾರಳಲ್ಲ. ಆದರೂ ಮನೆಗೆ ಕೆಲಸ ಕೊಟ್ಟು ಕಳಿಸಿದೆ. ಮೂರನೇ ವರ್ಷದ ಸರ್ಜರಿ ರೊಟೇಷನ್‌ನಲ್ಲಿ, ಅಂದರೆ ಆ ವಿಭಾಗದಲ್ಲಿ ಕೆಲಸ ಕಲಿಯುವ ಸರದಿಯಲ್ಲಿ, ಬೆಳಿಗ್ಗೆ ಐದೂವರೆಗೆ, ನಿನ್ನ ಪಕ್ಕ ಯಾರು ನಿಂತಿರುತ್ತಾರೆ? ಕಾಲೇಜಿನವರನ್ನು ಕೇಳಬೇಡ, ಈಗ ಅದೇ ವರ್ಷದಲ್ಲಿ ಓದುತ್ತಿರುವವರನ್ನು ಕೇಳು. ಮ್ಯಾಚ್ ಪರ್ಸೆಂಟ್ ತೋರಿಸಿದರೆ, ಅದರಲ್ಲಿ ಸರ್ಜರಿಯ ಪೂರ್ತಿ ಐದು ವರ್ಷದ ಜಾಗ ಎಷ್ಟು, ಬರೀ ಒಂದು ವರ್ಷದ ಪ್ರಿಲಿಮಿನರಿ ಎಷ್ಟು ಅಂತ ಬೇರೆ ಮಾಡಿಸು. ಒಂದು ವರ್ಷದ ಜಾಗ ಸಿಕ್ಕವರೂ ಕಾಲೇಜಿನ ಪಟ್ಟಿಯಲ್ಲಿ "ಸರ್ಜರಿ" ಅಂತಲೇ ಕಾಣುತ್ತಾರೆ, ಮುಂದಿನ ವರ್ಷ ಮತ್ತೆ ಅಲೆಯುತ್ತಾರೆ. ನಾಲ್ಕನೇ ವರ್ಷದಲ್ಲಿ ಬೇರೆ ಆಸ್ಪತ್ರೆಗೆ ಹೋಗಿ ಮುಖ ತೋರಿಸುವ ಆಡಿಷನ್ ರೊಟೇಷನ್‌ಗೆ ಎಷ್ಟು ತಿಂಗಳು ಬಿಡುತ್ತಾರೆ ಅಂತಲೂ ಕೇಳಲು ಹೇಳಿದೆ.

ಐದು ಜನಕ್ಕೆ ಫೋನ್ ಮಾಡಿದಳು. ಹಳೇ ಕಾಲೇಜಿನ ಒಬ್ಬನಿಗೆ ಲಾಟರಿಯಲ್ಲಿ ರೆಸಿಡೆಂಟ್‌ಗಳಿರುವ ದೊಡ್ಡ ಆಸ್ಪತ್ರೆ ಬಿದ್ದಿತ್ತು, ಬಹಳ ಖುಷಿಯಲ್ಲಿದ್ದ. ಇನ್ನೊಬ್ಬಳಿಗೆ ಸಿಕ್ಕಿದ್ದು ಒಬ್ಬರೇ ಸರ್ಜನ್, ಚಿಕ್ಕ ಆಸ್ಪತ್ರೆ, ರೆಸಿಡೆಂಟ್ ಇಲ್ಲ. "ಕೈಗೆ ಕೆಲಸ ಜಾಸ್ತಿ ಸಿಕ್ತು, ಮೊದಲ ಅಸಿಸ್ಟೆಂಟ್ ನಾನೇ. ಆದರೆ ರಾತ್ರಿ ಡ್ಯೂಟಿ, ರೌಂಡ್ಸ್ ಹೇಗಿರುತ್ತೆ ಅಂತ ಗೊತ್ತೇ ಆಗಲಿಲ್ಲ" ಅಂದಳಂತೆ. ಮೂರನೆಯವನು ಫೋನ್ ಎತ್ತಿದರೂ ಪರೀಕ್ಷೆ ಇದೆ ಅಂತ ಇಟ್ಟುಬಿಟ್ಟ. ಚಿಕ್ಕ ಊರಿನವರಿಬ್ಬರೂ ದೂರು ಹೇಳಿದರು. ಮೊದಲೆರಡು ವರ್ಷದ ಪಾಠ ಸುಮಾರು, ವಿಡಿಯೋ ನೋಡಿ ತಾವೇ ಕಲಿಯಬೇಕು, ಊರಲ್ಲಿ ಏನೂ ಇಲ್ಲ. ಆದರೆ ಅವರಲ್ಲಿ ಒಬ್ಬಳು ಒಂದು ಮಾತು ಸೇರಿಸಿದಳು: "ರಾತ್ರಿ ಎರಡಕ್ಕೆ ಅಪೆಂಡಿಕ್ಸ್ ಬಂದರೆ ರೆಸಿಡೆಂಟ್ ನನ್ನ ಫೋನಿಗೇ ಮೆಸೇಜ್ ಹಾಕ್ತಾರೆ."

ಇದನ್ನು ಹೇಳುವಾಗ ಚೈತ್ರಾ ಮುಖ ನೋಡಿದೆ. ನನಗೆ ಉತ್ತರ ಕಂಡಿತ್ತು. ನನ್ನ ಒಲವು ತೋರಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಒಂದು ಲಾಟರಿಯ ಮೇಲೆ ಐದು ವರ್ಷದ ಆಸೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ ಅಂತ ಬಾಯಿಬಿಟ್ಟು ಹೇಳಿದೆ. ಜೊತೆಗೇ ಇನ್ನೊಂದು ಪ್ರಶ್ನೆಯನ್ನೂ ಇಟ್ಟೆ. ಸರ್ಜರಿ ಅಂದುಕೊಂಡು ಒಳಗೆ ಹೋದ ಎಷ್ಟೋ ಮಕ್ಕಳು ಮೂರನೇ ವರ್ಷ ಮನಸ್ಸು ಬದಲಿಸುತ್ತಾರೆ. ನೀನು ನಾಳೆ ಅನೆಸ್ತೇಷಿಯಾ ಅಂದೆ, ಇಲ್ಲ ಮಕ್ಕಳ ಡಾಕ್ಟರ್ ಅಂದೆ ಅನ್ನು, ಆಗಲೂ ಆ ಚಳಿಯ ಊರಿನಲ್ಲಿ ಇರಬಲ್ಲೆಯಾ? ಒಂದು ವಾರ ತೆಗೆದುಕೊಂಡಳು. "ಅಳು ಬರುತ್ತೆ, ಆದರೆ ಇರ್ತೀನಿ" ಅಂದಳು. ಸುಲಭವಾಗಿ "ಇರ್ತೀನಿ" ಅಂದಿದ್ದರೆ ನಾನು ನಂಬುತ್ತಿರಲಿಲ್ಲ.

ದುಡ್ಡಿನ ಮಾತು ಅಪ್ಪನದು. ಎರಡು ಕಡೆಯೂ ಫೀಸೇ ವರ್ಷಕ್ಕೆ 60 ಸಾವಿರ ಡಾಲರ್ ದಾಟಿತ್ತು. ಹಿಂದೆ ಗ್ರ್ಯಾಡ್ ಪ್ಲಸ್ ಎಂಬ ಸರ್ಕಾರಿ ಸಾಲದಲ್ಲಿ ಪೂರ್ತಿ ಖರ್ಚು ಮುಚ್ಚಬಹುದಿತ್ತು. 2025ರ ಕಾನೂನಿನಂತೆ 2026ರ ಜುಲೈ 1ರಿಂದ ಹೊಸಬರಿಗೆ ಅದು ಇಲ್ಲ. ಮೆಡಿಕಲ್ ಓದುವವರಿಗೆ ಸರ್ಕಾರಿ ಸಾಲ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್, ಅಷ್ಟೇ. ಉಳಿದದ್ದಕ್ಕೆ ಖಾಸಗಿ ಸಾಲ, ಅಪ್ಪನ ಸಹಿ. ಹಾಗಾಗಿ ಬರೀ ಫೀಸು ನೋಡಬೇಡಿ, ನಾಲ್ಕು ವರ್ಷದ ಬಾಡಿಗೆ, ಲಾಟರಿಯಲ್ಲಿ ಊರು ಬದಲಾದರೆ ಮತ್ತೆ ಮನೆ ಹಿಡಿಯುವ ಖರ್ಚು, ಎರಡೆರಡು ಪರೀಕ್ಷೆಯ ಶುಲ್ಕ, ಆಡಿಷನ್ ಓಡಾಟ ಎಲ್ಲ ಸೇರಿಸಿ ಅಂದೆ. ಸೇರಿಸಿದರು. "ಮನೆ ಹತ್ತಿರ" ಎಂಬ ಲಾಭ ಎರಡೇ ವರ್ಷದ್ದು ಅಂತ ಅವರೇ ಕಂಡುಕೊಂಡರು, ಮೂರನೇ ವರ್ಷ ಮಗಳು ಎಲ್ಲಿರುತ್ತಾಳೋ ಯಾರಿಗೆ ಗೊತ್ತು. ಆಮೇಲೆ ಎಕ್ಸೆಲ್ ಮುಚ್ಚಿ ಕೇಳಿದರು, "ಆ ಊರಿನ ಹತ್ತಿರ ಎಲ್ಲಾದರೂ ಕನ್ನಡ ಕೂಟ ಇದೆಯಾ ಮೇಡಂ?"

ಡೆಪಾಸಿಟ್ ಕಟ್ಟಿದ ರಾತ್ರಿ ಮೈಸೂರಿಗೆ ಫೋನ್ ಮಾಡಿದ್ದು ಚೈತ್ರಾ. ಅದು ಅವಳ ಮತ್ತು ಅಮ್ಮನ ಒಪ್ಪಂದ, ನಿಜವನ್ನು ಅವಳೇ ಹೇಳಬೇಕು ಅಂತ. "ಅಜ್ಜಿ, ನಾನು ಎಂಡಿ ಅಲ್ಲ, ಡಿಓ ಓದೋಕೆ ಹೋಗ್ತಿದೀನಿ." ಅಜ್ಜಿಗೆ ಡಿಓ ಗೊತ್ತಿತ್ತು. ಅವರು ತೋರಿಸುವ ಕಣ್ಣಿನ ಡಾಕ್ಟರ ಬೋರ್ಡಿನಲ್ಲಿ ಎಂಬಿಬಿಎಸ್, ಡಿಓ ಅಂತಲೇ ಇದೆ, ನಮ್ಮಲ್ಲಿ ಅದು ಕಣ್ಣಿನ ಡಿಪ್ಲೊಮಾ. "ಒಳ್ಳೇದಾಯ್ತು ಬಿಡು ಪುಟ್ಟಿ, ನನ್ನ ಎಡಗಣ್ಣಿನ ಪೊರೆ ನೀನೇ ತೆಗಿ" ಅಂದರಂತೆ. ಚೈತ್ರಾ ಮೂರು ಸಲ ಬಿಡಿಸಿ ಹೇಳಿದಳು. ಅಜ್ಜಿ ಪೊರೆ ಆಪರೇಷನ್ ಮುಂದೂಡಿ ಕೂತಿದ್ದಾರೆ.