ತೌಡಿನ ಎಣ್ಣೆ, ಉಪ್ಪಾಗೆ ತುಪ್ಪ: ಎಣ್ಣೆ ತಂತ್ರಜ್ಞಾನ ಓದುವವರ ಪ್ರಶ್ನೆಗಳಿಗೆ ಉತ್ತರ

ಮಲೆನಾಡಿನ ಓದುಗರಿಂದ ಎಣ್ಣೆ ತಂತ್ರಜ್ಞಾನದ ಓದಿನ ಬಗ್ಗೆ ಬಂದಿರುವ ನಾಲ್ಕು ಪತ್ರಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಉಳಿದವಕ್ಕೂ ಅದರಲ್ಲಿ ಅರ್ಧ ಉತ್ತರ ಇದೆ.

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿಯಲ್ಲಿ ದ್ವಿತೀಯ ಪಿಯು ವಿಜ್ಞಾನ ಓದುತ್ತಿದ್ದೇನೆ. ಅಪ್ಪನಿಗೆ ಸಣ್ಣ ರೈಸ್ ಮಿಲ್ ಇದೆ. ಮಳೆಗಾಲದಲ್ಲಿ ತೌಡು ಕೊಳ್ಳಲು ಬರುವವರು ‘ಆಸಿಡ್ ಜಾಸ್ತಿ’ ಎಂದು ರೇಟು ಇಳಿಸುತ್ತಾರೆ. ಅದೇನೆಂದು ಹುಡುಕುತ್ತಾ ಹೋದಾಗ ಕೆಮಿಕಲ್ ಎಂಜಿನಿಯರಿಂಗ್ ವಿಭಾಗಗಳಲ್ಲಿ ಎಣ್ಣೆ ತಂತ್ರಜ್ಞಾನ ಎಂಬ ಓದು ಇದೆ ಎಂದು ತಿಳಿಯಿತು. ಅಲ್ಲಿ ಏನು ಕಲಿಸುತ್ತಾರೆ? ಎಲ್ಲಿ ಓದಬೇಕು? ನಮ್ಮ ನೆಂಟರು ಅದು ಪೆಟ್ರೋಲ್ ಬಾವಿ ತೋಡುವವರ ಓದು ಎನ್ನುತ್ತಾರೆ, ಹೌದೇ?

ಉತ್ತರ: ನೆಂಟರ ಮಾತು ಬೇರೆ ಕೋರ್ಸಿನದು. ಭೂಮಿಯೊಳಗಿನ ಕಚ್ಚಾತೈಲಕ್ಕೆ ಪೆಟ್ರೋಲಿಯಂ ಎಂಜಿನಿಯರಿಂಗ್ ಇದೆ. ಧನ್‌ಬಾದ್‌ನಂಥ ಕಡೆ ಓದುತ್ತಾರೆ. ನೀವು ಕೇಳಿರುವುದು ಬೀಜ, ತೌಡು, ಕೊಬ್ಬರಿಯಿಂದ ಬರುವ ಎಣ್ಣೆಯ ಓದು. ಅದರಿಂದ ಆಗುವ ವನಸ್ಪತಿ, ಸಾಬೂನು, ಗ್ಲಿಸರಿನ್, ಡಿಟರ್ಜೆಂಟ್ ಕೂಡ ಅದರೊಳಗೇ ಬರುತ್ತವೆ.

ಇನ್ನು ಆ ‘ಆಸಿಡ್’. ನಿಮ್ಮ ಮಿಲ್ಲಿನ ಈ ಒಂದು ತೊಂದರೆಯನ್ನು ಬಿಡಿಸುತ್ತಾ ಹೋದರೆ ನಾಲ್ಕು ವರ್ಷದ ಪಠ್ಯಕ್ರಮದ ಬಹುಪಾಲು ಕಣ್ಣಿಗೆ ಬೀಳುತ್ತದೆ. ಅದಕ್ಕೇ ನಿಮ್ಮ ಪತ್ರ ನನಗೆ ಬಹಳ ಇಷ್ಟವಾಯಿತು.

ಭತ್ತದ ಕಾಳಿನಲ್ಲಿ ಎಣ್ಣೆ ಮತ್ತು ಲೈಪೇಸ್ ಎಂಬ ಕಿಣ್ವ ಬೇರೆ ಬೇರೆ ಪದರಗಳಲ್ಲಿ ಇರುತ್ತವೆ. ಅಕ್ಕಿ ಪಾಲಿಶ್ ಆಗುವಾಗ ಪದರ ಹರಿದು ಎರಡೂ ಬೆರೆಯುತ್ತವೆ. ಎಣ್ಣೆಯ ಒಂದೊಂದು ಅಣುವಿನಲ್ಲೂ ಗ್ಲಿಸರಿನ್‌ಗೆ ಮೂರು ಕೊಬ್ಬಿನಾಮ್ಲಗಳು ಕೂಡಿಕೊಂಡಿರುತ್ತವೆ. ಕಿಣ್ವ ಆ ಆಮ್ಲಗಳನ್ನು ಬಿಡಿಸುತ್ತದೆ. ಬಿಡಿಯಾದ ಆ ಆಮ್ಲವನ್ನೇ ವ್ಯಾಪಾರಿಗಳು ‘ಆಸಿಡ್’ ಎನ್ನುವುದು. ತೇವ ಹೆಚ್ಚಿದ್ದಷ್ಟೂ ಕಿಣ್ವ ಚುರುಕು. ಆಗುಂಬೆ ಕಡೆಯ ಮಳೆ ನಿಮ್ಮ ಮಿಲ್ಲಿನ ಸುತ್ತ ಸುರಿಯುತ್ತಿರುವಾಗ ಚೀಲದಲ್ಲಿಟ್ಟ ಹಸಿ ತೌಡಿನ ಎಣ್ಣೆಯಲ್ಲಿ ಈ ಆಮ್ಲ ದಿನಕ್ಕೆ ಶೇ 5ರಷ್ಟೋ ಇನ್ನೂ ಹೆಚ್ಚೋ ಏರಬಹುದು. ವಾರ ಕಳೆದರೆ ಅದು ಅಡುಗೆ ಎಣ್ಣೆಯ ಕಚ್ಚಾವಸ್ತುವಾಗಿ ಉಳಿಯುವುದಿಲ್ಲ, ಸಾಬೂನಿನ ದಾರಿ ಹಿಡಿಯುತ್ತದೆ. ರೇಟು ಇಳಿಯುವುದಕ್ಕೆ ನಿಜವಾದ ಕಾರಣ ಇದೆ. ಆದರೆ ಎಷ್ಟು ಏರಿದೆ ಎಂದು ಅಳೆಯದೆ ಬಾಯಿಮಾತಿನಲ್ಲಿ ರೇಟು ಇಳಿಸಲು ಬಿಡಬಾರದು.

ಅಳೆಯುವುದು ನಿಮಗೆ ಈಗಲೇ ಗೊತ್ತಿರುವ ಕೆಲಸ. ಪಿಯು ಪ್ರಯೋಗಶಾಲೆಯಲ್ಲಿ ಬ್ಯುರೆಟ್ ಹಿಡಿದು ಟೈಟ್ರೇಶನ್ ಮಾಡಿದ್ದೀರಲ್ಲ, ಅದೇ. ಎಣ್ಣೆಯನ್ನು ಆಲ್ಕೋಹಾಲಿನಲ್ಲಿ ಬೆರೆಸಿ, ಬಣ್ಣ ಬದಲಿಸಿ ತೋರಿಸುವ ಫಿನಾಲ್ಫ್ಥಲೀನ್ ಹಾಕಿ, ಕ್ಷಾರವನ್ನು ಹನಿಹನಿಯಾಗಿ ಬಿಡುವುದು. ಒಂದು ಗ್ರಾಂ ಎಣ್ಣೆಗೆ ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕಾಯಿತೋ ಅದು ಆಸಿಡ್ ವ್ಯಾಲ್ಯೂ. ಅದನ್ನು ಎರಡರಿಂದ ಭಾಗಿಸಿದರೆ ಹೆಚ್ಚುಕಡಿಮೆ ಶೇಕಡಾ ಬಿಡಿ ಆಮ್ಲ ಸಿಗುತ್ತದೆ. ಎಣ್ಣೆಯ ರಸಾಯನಶಾಸ್ತ್ರ ಎಂಬ ವಿಷಯ ಇಲ್ಲಿಂದ ಶುರುವಾಗಿ ಅಯೋಡಿನ್ ವ್ಯಾಲ್ಯೂ, ಪೆರಾಕ್ಸೈಡ್ ವ್ಯಾಲ್ಯೂ, ಗ್ಯಾಸ್ ಕ್ರೊಮ್ಯಾಟೊಗ್ರಫಿ ಎಂಬ ಬೇರೆ ಪರೀಕ್ಷೆಗಳವರೆಗೆ ಹೋಗುತ್ತದೆ.

ಕಿಣ್ವವನ್ನು ನಿಲ್ಲಿಸಲು ತೌಡಿಗೆ ಹಬೆ ಕೊಡಬೇಕು. ಎಷ್ಟು ಹಬೆ, ಎಷ್ಟು ಹೊತ್ತು, ಆಮೇಲೆ ತೇವ ಆರಿಸುವುದು ಹೇಗೆ? ಇದು ಹೀಟ್ ಟ್ರಾನ್ಸ್‌ಫರ್, ಅಂದರೆ ಶಾಖ ಸಾಗುವ ಬಗೆಯ ಪಾಠ. ನಿಮ್ಮ ಮನೆಯಲ್ಲಿ ಕುಚ್ಚಲಕ್ಕಿಯೂ ಮಾಡುತ್ತಿದ್ದರೆ ಅದರ ತೌಡನ್ನು ಬೇರೆ ಇಟ್ಟು ಗಮನಿಸಿ. ಭತ್ತ ಬೇಯಿಸುವಾಗಲೇ ಕಿಣ್ವ ಸತ್ತಿರುತ್ತದೆ, ಆಮ್ಲ ಬೇಗ ಏರುವುದಿಲ್ಲ. ಎಣ್ಣೆಯ ಪ್ರಮಾಣವೂ ಹೆಚ್ಚು: ಬೆಳ್ತಿಗೆ ಅಕ್ಕಿಯ ತೌಡಿನಲ್ಲಿ ಶೇ 15ರಿಂದ 20ರಷ್ಟಿದ್ದರೆ ಕುಚ್ಚಲಕ್ಕಿ ತೌಡಿನಲ್ಲಿ ಶೇ 25ರ ಹತ್ತಿರಕ್ಕೂ ಹೋಗುತ್ತದೆ. ಎರಡನ್ನೂ ಒಂದೇ ಚೀಲಕ್ಕೆ ಸುರಿದು ಒಂದೇ ಬೆಲೆಗೆ ಕೊಡುವ ಮಿಲ್ಲುಗಳು ನಷ್ಟ ಮಾಡಿಕೊಳ್ಳುತ್ತಿವೆ.

ತೌಡನ್ನು ಗಾಣದಲ್ಲಿ ಹಿಂಡಿ ಎಣ್ಣೆ ತೆಗೆಯುವುದು ಗಿಟ್ಟುವುದಿಲ್ಲ. ಹೆಕ್ಸೇನ್ ಎಂಬ ದ್ರಾವಕದಲ್ಲಿ ತೊಳೆದು ಎಣ್ಣೆಯನ್ನು ಕರಗಿಸಿಕೊಳ್ಳುತ್ತಾರೆ. ಇದು ಮಾಸ್ ಟ್ರಾನ್ಸ್‌ಫರ್, ಅಂದರೆ ಪದಾರ್ಥ ಒಂದರಿಂದ ಇನ್ನೊಂದಕ್ಕೆ ಸಾಗುವ ಬಗೆಯ ಪಾಠ. ಹೆಕ್ಸೇನ್ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಕುದಿಯುತ್ತದೆ, ಹಾಗಾಗಿ ಆವಿ ಮಾಡಿ ತಂಪಿಸಿ ಮತ್ತೆ ಬಳಸಬಹುದು, ಇದು ಡಿಸ್ಟಿಲೇಶನ್. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿಯುತ್ತದೆ, ಗಾಳಿಯಲ್ಲಿ ಶೇ 1ಕ್ಕಿಂತ ತುಸು ಹೆಚ್ಚಾದರೂ ಒಂದು ಕಿಡಿ ಸಾಕು ಸಿಡಿಯಲು. ಪ್ರೊಸೆಸ್ ಸೇಫ್ಟಿ ಎಂಬ ವಿಷಯವನ್ನು ಅಂಕಕ್ಕಾಗಿ ಓದಬೇಡಿ ಎಂದು ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತೇನೆ.

ಕೊನೆಗೆ ರಿಫೈನಿಂಗ್. ಅಂಟು ತೆಗೆಯಬೇಕು, ಮೇಣ ತೆಗೆಯಬೇಕು, ಬ್ಲೀಚಿಂಗ್ ಮಣ್ಣಿನಿಂದ ಬಣ್ಣ ಇಳಿಸಬೇಕು, ನಿರ್ವಾತದಲ್ಲಿ 200 ಡಿಗ್ರಿ ದಾಟಿದ ಬಿಸಿಯಲ್ಲಿ ಹಬೆ ಹಾಯಿಸಿ ವಾಸನೆ ಕಳೆಯಬೇಕು. ಆಮ್ಲವನ್ನು ಎರಡು ರೀತಿಯಲ್ಲಿ ತೆಗೆಯಬಹುದು. ಕ್ಷಾರ ಹಾಕಿ ಸಾಬೂನಾಗಿಸಿ ತೆಗೆದರೆ ಒಳ್ಳೆಯ ಎಣ್ಣೆಯೂ ಒಂದಿಷ್ಟು ಅದರ ಜೊತೆ ಹೋಗುತ್ತದೆ. ತೌಡಿನ ಎಣ್ಣೆಗೆ ಹೆಸರು ತಂದಿರುವ ಒರೈಜನಾಲ್ ಎಂಬ ಉಪಯುಕ್ತ ಅಂಶ ಕೂಡ ಬಹುಪಾಲು ಅಲ್ಲೇ ಕಳೆದುಹೋಗುತ್ತದೆ. ಹಬೆಯಿಂದಲೇ ಆಮ್ಲ ಹಾರಿಸಿದರೆ ಒರೈಜನಾಲ್ ಉಳಿಯುತ್ತದೆ, ಆದರೆ ಅದಕ್ಕೆ ಮೊದಲು ಅಂಟನ್ನು ಬಹಳ ಚೊಕ್ಕವಾಗಿ ತೆಗೆದಿರಬೇಕು. ಯಾವುದು ಗಿಟ್ಟುತ್ತದೆ ಎಂದು ಲೆಕ್ಕ ಹಾಕುವವರೇ ಎಣ್ಣೆ ತಂತ್ರಜ್ಞರು.

ಎಲ್ಲಿ ಓದಬೇಕು? ಈ ವಿಷಯದ ಹಳೆಯ ಮನೆಗಳು ಹೊರರಾಜ್ಯದಲ್ಲಿವೆ. ಕಾನ್ಪುರದಲ್ಲಿ 1921ರಲ್ಲಿ ಶುರುವಾದ, ಈಗ ಹಾರ್ಕೋರ್ಟ್ ಬಟ್ಲರ್ ತಾಂತ್ರಿಕ ವಿಶ್ವವಿದ್ಯಾಲಯ ಆಗಿರುವ ಸಂಸ್ಥೆಯಲ್ಲಿ ಎಣ್ಣೆ ತಂತ್ರಜ್ಞಾನದ ಬಿ.ಟೆಕ್. ಇದೆ, ಪ್ರವೇಶ ಜೆಇಇ ಮೇನ್ ಮೂಲಕ. ಮುಂಬೈ ವಿಶ್ವವಿದ್ಯಾಲಯದ ವಿಭಾಗವಾಗಿ 1933ರಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿಯೂ, ನಾಗಪುರದ ಲಕ್ಷ್ಮೀನಾರಾಯಣ ಸಂಸ್ಥೆಯೂ ಇದಕ್ಕೆ ಹೆಸರಾದವು. ನಮ್ಮ ಸಿಇಟಿ, ಕಾಮೆಡ್‌ಕೆ ಪಟ್ಟಿಗಳಲ್ಲಿ ನೀವು ಹುಡುಕಬೇಕಾದ್ದು ಕೆಮಿಕಲ್ ಎಂಜಿನಿಯರಿಂಗ್ ಎಂಬ ಹೆಸರನ್ನು. ತುಮಕೂರಿನ ಸಿದ್ಧಗಂಗಾ, ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಅದಿದೆ. ಸುರತ್ಕಲ್‌ನ ಎನ್‌ಐಟಿಕೆಗೆ ಜೆಇಇ ಬೇಕು, ಮಣಿಪಾಲದವರದು ಅವರದೇ ಪರೀಕ್ಷೆ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಹತ್ತಿರದ ಒಳ್ಳೆಯ ಕಾಲೇಜಿನಲ್ಲಿ ಕೆಮಿಕಲ್ ಸಿಕ್ಕರೆ ತೆಗೆದುಕೊಳ್ಳಿ, ಗೇಟ್ ಬರೆದು ಎಂ.ಟೆಕ್.ನಲ್ಲಿ ಎಣ್ಣೆಗೆ ಹೋಗಿ. ಮೇಲೆ ಹೇಳಿದ ಶಾಖ, ಮಾಸ್ ಟ್ರಾನ್ಸ್‌ಫರ್, ಡಿಸ್ಟಿಲೇಶನ್ ಎಲ್ಲವೂ ಎರಡೂ ಕೋರ್ಸಿಗೆ ಒಂದೇ. ಅವು ಗಟ್ಟಿಯಾದವರಿಗೆ ಎಣ್ಣೆಯ ವಿಶೇಷ ಪಾಠ ಒಂದೆರಡು ಸೆಮಿಸ್ಟರಿನಲ್ಲಿ ದಕ್ಕುತ್ತದೆ. ಕಾನ್ಪುರವೋ ಮುಂಬೈಯೋ ನೇರವಾಗಿ ಸಿಕ್ಕಿದರೆ, ಮನೆಯವರು ಒಪ್ಪಿದರೆ, ಹಿಂಜರಿಯದೆ ಹೋಗಿ. ಕೆಲಸದ ಚಿಂತೆ ಅಪ್ಪನಿಗಿದ್ದರೆ ಹೇಳಿ: ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ, ಹಾಗೆ ಬಂದದ್ದನ್ನು ಶುದ್ಧೀಕರಿಸುವ ಕಾರ್ಖಾನೆಗಳು ಘಟ್ಟದ ಕೆಳಗೆ ಮಂಗಳೂರಿನಲ್ಲೇ ಇವೆ. ಸಾಬೂನು, ಬಣ್ಣ, ಕೊಚ್ಚಿ ಸುತ್ತಲಿನ ಮಸಾಲೆ ಸಾರದ ಕಾರ್ಖಾನೆಗಳೂ ಇದೇ ಓದಿನವರನ್ನು ತೆಗೆದುಕೊಳ್ಳುತ್ತವೆ. ಪಾಳಿ ಕೆಲಸ ಇರುತ್ತದೆ. ಹೆಣ್ಣುಮಕ್ಕಳು ಮಾಡುತ್ತಿದ್ದಾರೆ, ನೀವೂ ಮಾಡಬಲ್ಲಿರಿ.

ಪ್ರಶ್ನೆ: ನಾನು ಭದ್ರಾವತಿಯವನು, ಕೆಮಿಕಲ್ ಬಿ.ಇ. ಏಳನೇ ಸೆಮಿಸ್ಟರ್. ಹೊಸನಗರದ ಅಜ್ಜಿಮನೆಯಲ್ಲಿ ಉಪ್ಪಾಗೆ ಎಂಬ ಕಾಡುಹಣ್ಣಿನ ಬೀಜದಿಂದ ತುಪ್ಪ ತೆಗೆಯುವುದನ್ನು ನೋಡಿದ್ದೇನೆ. ಅದರಿಂದ ಬಯೋಡೀಸೆಲ್ ಮಾಡುವ ಪ್ರಾಜೆಕ್ಟ್ ಹಾಕಿಕೊಳ್ಳಬೇಕೆಂದಿದ್ದೇವೆ. ಸರಿಯೇ?

ಉತ್ತರ: ಉಪ್ಪಾಗೆಯನ್ನು ಹಿಡಿದದ್ದು ಬಹಳ ಸರಿ, ಬಯೋಡೀಸೆಲ್ ಬಿಟ್ಟುಬಿಡಿ. ಉಪ್ಪಾಗೆ, ಮುರುಗಲು (ಕೋಕಂ) ಎರಡರ ಬೀಜದ ಕೊಬ್ಬಿನಲ್ಲೂ ಸ್ಟಿಯರಿಕ್ ಆಮ್ಲ ಬಹಳ. ಬಯೋಡೀಸೆಲ್ ಮಾಡಲು ಅದನ್ನು ಮೆಥನಾಲ್ ಜೊತೆ ಸೇರಿಸಿದರೆ ಬರುವ ಮೀಥೈಲ್ ಸ್ಟಿಯರೇಟ್ 39 ಡಿಗ್ರಿ ಹತ್ತಿರ ಕರಗುವ ವಸ್ತು. ಡಿಸೆಂಬರಿನ ಬೆಳಗ್ಗೆ ಹೊಸನಗರದಲ್ಲಿ ನಿಮ್ಮ ಇಂಧನ ಪೈಪಿನಲ್ಲಿ ಗಟ್ಟಿ ಕೂತು ಫಿಲ್ಟರ್ ಕಟ್ಟುತ್ತದೆ. ಬಯೋಡೀಸೆಲ್ಲೇ ಬೇಕೆಂದಿದ್ದರೆ ಒಲಿಯಿಕ್ ಆಮ್ಲ ಹೆಚ್ಚಿರುವ ಹೊಂಗೆ ಎಣ್ಣೆ ತೆಗೆದುಕೊಳ್ಳಿ. ಆದರೆ ಹೊಂಗೆಯ ಮೇಲೆ ಎಷ್ಟೋ ಪ್ರಾಜೆಕ್ಟ್ ಆಗಿಹೋಗಿವೆ, ಅದೇ ಗ್ರಾಫು ಮತ್ತೆ ಬರೆಯಬೇಕಾಗುತ್ತದೆ.

ಗಟ್ಟಿಯಾಗುವ ಗುಣವೇ ಈ ಕೊಬ್ಬಿನ ಸಂಪತ್ತು. ಮುರುಗಲ ತುಪ್ಪ ಸುಮಾರು 40 ಡಿಗ್ರಿಯಲ್ಲಿ ಕರಗುತ್ತದೆ. ಅದರ ಅಣುಗಳಲ್ಲಿ ಎರಡು ಕೊನೆಗೂ ಸ್ಟಿಯರಿಕ್, ನಡುವೆ ಒಲಿಯಿಕ್ ಇರುವವೇ ಹೆಚ್ಚು. ಕೋಕೋ ಬೆಣ್ಣೆಯ ಕಟ್ಟೋಣವೂ ಇದೇ ಜಾತಿಯದು, ಹಾಗಾಗಿ ಚಾಕೊಲೇಟಿನಲ್ಲಿ ಎರಡೂ ಹೊಂದಿಕೊಳ್ಳುತ್ತವೆ. ಐರೋಪ್ಯ ಒಕ್ಕೂಟದ 2000ನೇ ಇಸವಿಯ ಚಾಕೊಲೇಟ್ ನಿಯಮ ಕೋಕೋ ಬೆಣ್ಣೆಯ ಜೊತೆ ಶೇ 5ರವರೆಗೆ ಬೆರೆಸಲು ಆರೇ ಆರು ಸಸ್ಯಕೊಬ್ಬುಗಳನ್ನು ಒಪ್ಪಿಕೊಂಡಿದೆ, ಮುರುಗಲು ಅದರಲ್ಲೊಂದು. ಅಂಥ ಕೊಬ್ಬನ್ನು ಎಂಜಿನ್ನಿಗೆ ಸುರಿಯುವುದು ನನಗೆ ಸಂಕಟದ ವಿಷಯ. ಉಪ್ಪಾಗೆಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಅದರ ಕರಗುವ ಗುಣ, ಕೊಬ್ಬಿನಾಮ್ಲಗಳ ಪ್ರಮಾಣ, ಕೆಡುವ ವೇಗ ಇವನ್ನು ನಮ್ಮ ಊರಿನ ಬೀಜದ ಮೇಲೆ ಅಚ್ಚುಕಟ್ಟಾಗಿ ಅಳೆದು ಕೊಡುವುದೇ ಒಳ್ಳೆಯ ಪ್ರಾಜೆಕ್ಟ್.

ಹೀಗೆ ಮಾಡಿ. ಒಂದೇ ಮರದ, ಒಂದೇ ವಾರದ ಬೀಜ ತಂದು ಮೂರು ಪಾಲು ಮಾಡಿ. ಒಂದನ್ನು ಹಳ್ಳಿಯಲ್ಲಿ ಮಾಡುವಂತೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿ, ಇನ್ನೊಂದನ್ನು ಡ್ರೈಯರಿನಲ್ಲಿ, ಮೂರನೆಯದನ್ನು ನೆರಳಿನಲ್ಲಿ. ಪ್ರತಿ ವಾರ ತೇವ ಮತ್ತು ಆಸಿಡ್ ವ್ಯಾಲ್ಯೂ ಬರೆದಿಡಿ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ, ಬೀಜಕ್ಕೆ ಬೂಷ್ಟು ಹಿಡಿಯುವುದೂ ಆಗಲೇ. ಎಣ್ಣೆ ತೆಗೆಯುವಾಗಲೂ ಅಜ್ಜಿಯ ವಿಧಾನ ಬಿಡಬೇಡಿ: ಜಜ್ಜಿ, ನೀರಿನಲ್ಲಿ ಕುದಿಸಿ, ತಣಿದ ಮೇಲೆ ಮೇಲೆ ತೇಲಿ ಹೆಪ್ಪುಗಟ್ಟಿದ್ದನ್ನು ತೆಗೆಯುವುದು. ಅದೇ ಬೀಜದಿಂದ ಸಾಕ್ಸ್‌ಲೆಟ್ ಎಂಬ ಪ್ರಯೋಗಶಾಲೆಯ ಗಾಜಿನ ಸಾಧನದಲ್ಲಿ ಹೆಕ್ಸೇನ್ ಹಾಕಿಯೂ ತೆಗೆಯಿರಿ. ಎರಡರ ಇಳುವರಿಯ ವ್ಯತ್ಯಾಸವೇ ಹಿಂಡಿಯಲ್ಲಿ ಉಳಿದುಹೋಗುವ ತುಪ್ಪದ ಲೆಕ್ಕ. ಒಣಗಿಸಲು ಸುಟ್ಟ ಸೌದೆಯನ್ನೂ ತೂಗಿ. ಉಪ್ಪಾಗೆ ಸಿಪ್ಪೆ ಒಣಗಿಸಲು ಘಟ್ಟದ ಹಳ್ಳಿಗಳಲ್ಲಿ ಸುಡುವ ಸೌದೆ ಸಣ್ಣ ಪ್ರಮಾಣದ್ದಲ್ಲ, ಕಾಡಿನ ಮೇಲೆ ಅದರ ಹೊರೆ ಬೀಳುತ್ತಿದೆ. ಸಿರ್ಸಿಯ ಅರಣ್ಯ ಕಾಲೇಜಿಗೆ ಒಮ್ಮೆ ಹೋಗಿ ಮಾತಾಡಿಸಿ, ಮರದ ವಿಷಯ ಅವರಿಗೆ ಗೊತ್ತು. ವರದಿಯ ಒಂದು ಪ್ರತಿಯನ್ನು ಕನ್ನಡದಲ್ಲಿ ಬರೆದು ಬೀಜ ಕೊಟ್ಟ ಮನೆಗೆ ತಲುಪಿಸಿ.

ಪ್ರಶ್ನೆ: ಬಿ.ಎಸ್ಸಿ. ಕೆಮಿಸ್ಟ್ರಿ ಮುಗಿಸಿದ್ದೇನೆ, ಊರು ಸೊರಬ. ಎಂಜಿನಿಯರಿಂಗ್ ಇಲ್ಲದೆ ಎಣ್ಣೆ ಉದ್ಯಮಕ್ಕೆ ಬರಲು ಆಗುವುದಿಲ್ಲವೇ?

ಉತ್ತರ: ಆಗುತ್ತದೆ, ಪ್ರಯೋಗಶಾಲೆಯ ಬಾಗಿಲಿನಿಂದ. ಪ್ರತಿ ಎಣ್ಣೆ ಕಾರ್ಖಾನೆಗೂ ಹಗಲು ರಾತ್ರಿ ವಿಶ್ಲೇಷಕರು ಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಇಂಡಸ್ಟ್ರಿಯಲ್ ಕೆಮಿಸ್ಟ್ರಿ ಇದೆ. ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ಎಂ.ಎಸ್ಸಿ. ಆಹಾರ ತಂತ್ರಜ್ಞಾನಕ್ಕೆ ಪ್ರವೇಶ ಪರೀಕ್ಷೆ ಬರೆಯಿರಿ. 1950ರಿಂದ ಇರುವ ಆ ಸಂಸ್ಥೆಯಲ್ಲಿ ಎಣ್ಣೆ, ಕೊಬ್ಬಿನ ಸಂಶೋಧನೆಗೆ ಪ್ರತ್ಯೇಕ ವಿಭಾಗವೇ ಇದೆ. ಈ ಕೆಲಸ ಎಂಜಿನಿಯರಿಗಿಂತ ಕೆಳಗಿನದು ಎಂಬ ಭಾವನೆ ಇದ್ದರೆ ತೆಗೆದುಹಾಕಿ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ದತ್ತೂರಿಯ, ಅಂದರೆ ಅರ್ಜಿಮೋನ್ ಗಿಡದ ಬೀಜದೆಣ್ಣೆ ಬೆರೆತು ಮೈ ಊದುವ ಡ್ರಾಪ್ಸಿ ಕಾಯಿಲೆ ಹರಡಿತು, ಜನ ಸತ್ತರು. ಅಂಥ ಕಲಬೆರಕೆಯನ್ನು ಹಿಡಿಯುವ ಪರೀಕ್ಷೆ ನಿಮ್ಮಂಥ ಬಿ.ಎಸ್ಸಿ. ಓದಿದವರ ಕೈಯಲ್ಲೇ ಇರುತ್ತದೆ.

ಪ್ರಶ್ನೆ: ಸಾಗರದಲ್ಲಿ ಮರದ ಗಾಣ ಹಾಕಿ ಶೇಂಗಾ, ಕೊಬ್ಬರಿ ಎಣ್ಣೆ ಮಾರಬೇಕೆಂದಿದ್ದೇವೆ. ಮಗನನ್ನು ಇದಕ್ಕಾಗಿ ಎಣ್ಣೆ ತಂತ್ರಜ್ಞಾನ ಓದಿಸಬೇಕೇ?

ಉತ್ತರ: ಗಾಣವೊಂದಕ್ಕಾಗಿ ಬೇಡ. ಮಗನಿಗೆ ಆ ವಿಷಯದಲ್ಲೇ ಆಸೆ ಇದ್ದರೆ ಓದಿಸಿ. ಗಾಣಕ್ಕೆ ಬೇಕಾದ್ದು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ, ಮೊಹರು ಮಾಡಿ ಲೇಬಲ್ ಹಾಕಿದ ಬಾಟಲಿ, ಮತ್ತು ಒಣಗಿದ ಶುದ್ಧ ಕಾಳು. ಮೂರನೆಯದು ಮಲೆನಾಡಿನಲ್ಲಿ ಕಷ್ಟ, ಅದಕ್ಕೇ ಎಚ್ಚರ ಹೇಳುತ್ತೇನೆ. ಬೂಷ್ಟು ಹಿಡಿದ ಶೇಂಗಾ ಮತ್ತು ಕೊಬ್ಬರಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ; ಅದು ಪಿತ್ತಜನಕಾಂಗಕ್ಕೆ ಕೆಟ್ಟದ್ದು, ಕ್ಯಾನ್ಸರ್ ತರಬಲ್ಲದು. ದೊಡ್ಡ ಕಾರ್ಖಾನೆಯಲ್ಲಿ ಕ್ಷಾರ ಮತ್ತು ಬ್ಲೀಚಿಂಗ್ ಮಣ್ಣು ಅದನ್ನು ತೆಗೆದುಬಿಡುತ್ತವೆ, ಗಾಣದ ಎಣ್ಣೆಗೆ ಆ ಹಂತಗಳೇ ಇಲ್ಲ. ಕಾಳಿನಲ್ಲಿ ಇದ್ದದ್ದು ಎಣ್ಣೆಗೂ ಒಂದಿಷ್ಟು ಬರುತ್ತದೆ, ಹಿಂಡಿಗೆ ಇನ್ನೂ ಹೆಚ್ಚು ಹೋಗುತ್ತದೆ, ಆ ಹಿಂಡಿಯನ್ನು ದನ ತಿನ್ನುತ್ತದೆ. ಆದ್ದರಿಂದ ಶೇಂಗಾ ಬೀಜ ಆರಿಸಲು ಒಬ್ಬರನ್ನು ಇಟ್ಟುಕೊಳ್ಳಿ. ಕೊಬ್ಬರಿಯ ತೇವ ಶೇ 6ರ ಆಸುಪಾಸಿಗೆ ಇಳಿಯದೆ ಗಾಣಕ್ಕೆ ಹಾಕಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡ್ರೈಯರ್ ಇಲ್ಲದೆ ಗಾಣ ಓಡಿಸಬೇಡಿ. ಮೊದಲ ಬಂಡವಾಳದಲ್ಲೇ ಅದಕ್ಕೂ ಹಣ ತೆಗೆದಿಡಿ.