ನ್ಯೂರೋಸರ್ಜನ್ ಇಲ್ಲದ ಐಸಿಯುನಲ್ಲಿ ತಲೆಪೆಟ್ಟಿನ ರೋಗಿ

ನ್ಯೂರೋಸರ್ಜನ್ ಇಲ್ಲ, ತಲೆಯೊಳಗಿನ ಒತ್ತಡ ಅಳೆಯುವ ಮಾನಿಟರ್ ಕೂಡ ಇಲ್ಲ, ಹೀಗಿರುವಾಗ ನಮ್ಮ ಐಸಿಯುನಲ್ಲಿ ಮಾಡೋದಕ್ಕೆ ಏನಿದೆ ಅಂತ ಕೇಳಿದ್ದೀರಿ. ತುಂಬಾ ಇದೆ, ಧೈರ್ಯಗೆಡಬೇಡಿ.

ಮೊದಲು ಸಿಟಿ ಸ್ಕ್ಯಾನ್ ನೋಡಿ. ಮೆದುಳನ್ನು ಒತ್ತುತ್ತಿರುವ ದೊಡ್ಡ ರಕ್ತಗಡ್ಡೆ ಇದ್ದರೆ ಚರ್ಚೆಯೇ ಬೇಡ, ಉಸಿರಾಟ ಮತ್ತು ಬಿಪಿ ಭದ್ರ ಮಾಡಿಕೊಂಡು ನ್ಯೂರೋಸರ್ಜನ್ ಇರುವ ಆಸ್ಪತ್ರೆಗೆ ಕೂಡಲೇ ಕಳುಹಿಸಿ. ಆಪರೇಷನ್ ಬೇಡದ ಗಾಯವಾದರೆ, ಸ್ಕ್ಯಾನ್ ಚಿತ್ರಗಳನ್ನು ನ್ಯೂರೋಸರ್ಜನ್‌ಗೆ ಕಳಿಸಿ, ಮಾತಾಡಿ, ಆಮೇಲೆ ತೀರ್ಮಾನಿಸಿ.

ಪೆಟ್ಟಾದ ಮೆದುಳನ್ನು ಮತ್ತೆ ಕೆಡಿಸೋದು ಆಮ್ಲಜನಕದ ಕೊರತೆ ಮತ್ತು ಕಡಿಮೆ ಬಿಪಿ. ಇವೆರಡನ್ನೂ ತಡೆಯೋದು ನಿಮ್ಮ ಕೈಯಲ್ಲೇ ಇದೆ ಅಲ್ವಾ? ಪ್ರಜ್ಞೆಯ ಮಟ್ಟ ಅಳೆಯುವ ಜಿಸಿಎಸ್ ಅಂಕ (3ರಿಂದ 15) 8 ಅಥವಾ ಕಡಿಮೆ ಇದ್ದರೆ ಉಸಿರಾಟದ ಟ್ಯೂಬ್ ಹಾಕಿ. ವಯಸ್ಕರಲ್ಲಿ ಮೇಲಿನ ಬಿಪಿ 110ಕ್ಕಿಂತ ಇಳಿಯದಂತೆ ನೋಡಿಕೊಳ್ಳಿ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ 35ರಿಂದ 40 ಎಂಎಂಎಚ್‌ಜಿ ಆಸುಪಾಸಿನಲ್ಲಿರಲಿ. ಸುಮ್ನೆ ವೆಂಟಿಲೇಟರ್ ವೇಗ ಜಾಸ್ತಿ ಮಾಡಿದರೆ ಮೆದುಳಿಗೆ ರಕ್ತವೇ ಕಡಿಮೆಯಾಗುತ್ತದೆ. ತಲೆಭಾಗ 30 ಡಿಗ್ರಿ ಎತ್ತರಿಸಿ. ಕುತ್ತಿಗೆ ನೇರವಾಗಿರಲಿ, ಕುತ್ತಿಗೆಗೆ ಹಾಕಿದ ಕಾಲರ್ ಪಟ್ಟಿ ಬಿಗಿಯಾಗದಿರಲಿ. ಡೆಕ್ಸ್‌ಟ್ರೋಸ್ ಬದಲು ನಾರ್ಮಲ್ ಸಲೈನ್ ಕೊಡಿ. ಸ್ಟೀರಾಯ್ಡ್ ಮಾತ್ರ ಬೇಡವೇ ಬೇಡ, ತಲೆಪೆಟ್ಟಿನ ರೋಗಿಗಳಲ್ಲಿ ಅದರಿಂದ ಸಾವು ಹೆಚ್ಚುತ್ತದೆ ಅಂತ ಕ್ರಾಶ್ ಎಂಬ ದೊಡ್ಡ ಅಧ್ಯಯನ ತೋರಿಸಿದೆ.

ಮಾನಿಟರ್ ವಿಷಯಕ್ಕೆ ಬರೋಣ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೊಲಿವಿಯಾ ಮತ್ತು ಈಕ್ವೆಡಾರ್‌ನಲ್ಲಿ 324 ರೋಗಿಗಳ ಮೇಲೆ ನಡೆದಿತ್ತು. ಮಾನಿಟರ್ ನೋಡಿ ಕೊಟ್ಟ ಚಿಕಿತ್ಸೆಗೂ, ಸ್ಕ್ಯಾನ್ ಮತ್ತು ದೈಹಿಕ ಪರೀಕ್ಷೆ ನೋಡಿ ಕೊಟ್ಟ ಚಿಕಿತ್ಸೆಗೂ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಗಂಟೆಗೊಮ್ಮೆ ಕಣ್ಣಿನ ಪಾಪೆ ನೋಡುವ ನಿಮ್ಮ ನರ್ಸ್ ಕೆಲಸ ಸಣ್ಣದಲ್ಲ. ಒಂದು ಪಾಪೆ ದೊಡ್ಡದಾದರೆ ತಲೆಯೊಳಗಿನ ಒತ್ತಡ ಏರುತ್ತಿರಬಹುದು, ಆಗ ಅದನ್ನು ಇಳಿಸುವ ಮ್ಯಾನಿಟಾಲ್ ಔಷಧ ಶುರು ಮಾಡಿ, ಬಿಪಿ ಕಡಿಮೆಯಿದ್ದರೆ ಅದರ ಬದಲು ಹೈಪರ್‌ಟಾನಿಕ್ ಸಲೈನ್ (ಹೆಚ್ಚು ಉಪ್ಪಿನಂಶದ ದ್ರಾವಣ) ಕೊಡಿ. ಜೊತೆಜೊತೆಗೇ ನ್ಯೂರೋಸರ್ಜನ್‌ಗೆ ಫೋನ್ ಮಾಡಿ, ಮತ್ತೆ ಸ್ಕ್ಯಾನ್ ಮಾಡಿಸಿ.