ಸಾಲ ಮಾಡದೆ ಬೇಸಿಗೆ ಪ್ರವಾಸ ಹೋಗೋದು ಹೇಗೆ?

ಪ್ರಶ್ನೆ: ನಾವು ವಿಜಯಪುರದವರು, ಕಿರಾಣಿ ಅಂಗಡಿ ಇದೆ. ಅತ್ತೆ, ನಾವಿಬ್ಬರು, 13 ವರ್ಷದ ಮಗಳು, 9 ವರ್ಷದ ಮಗ. ನಾದಿನಿ ಮನೆಯವರು ಕಂತಿನ ಮೇಲೆ ಕಾಶ್ಮೀರದ ಪ್ಯಾಕೇಜ್ ತಗೊಂಡಿದ್ದಾರೆ. ಮಕ್ಕಳು ರೀಲ್ಸ್ ನೋಡಿ ನೋಡಿ ನಾವೂ ವಿಮಾನದಲ್ಲೇ ಹೋಗಬೇಕು ಅಂತ ಹಟ ಹಿಡಿದಿದ್ದಾರೆ. ನಮ್ಮ ಕೈಲಿರೋದು 20 ಸಾವಿರ. ಮಿಕ್ಕಿದ್ದಕ್ಕೆ ನಾವೂ ಸಾಲ ಮಾಡಬಹುದಾ?
– ಹೆಸರು ಬೇಡ, ವಿಜಯಪುರ

ಉತ್ತರ: ಬೇಡ ಅಕ್ಕ, ಸಾಲ ಬೇಡ. ಮೇ ಮುಗಿದ ಕೂಡಲೇ ಜೂನ್ ಬರುತ್ತದೆ. ಇಬ್ಬರು ಮಕ್ಕಳ ಶಾಲೆ ಫೀ, ಪುಸ್ತಕ, ಯೂನಿಫಾರ್ಮ್, ಬೂಟು ಎಲ್ಲಾ ಒಂದೇ ತಿಂಗಳಲ್ಲಿ ಬಂದು ಕೂರುತ್ತವೆ, ಅದರ ಜೊತೆ ಪ್ರವಾಸದ ಕಂತೂ ಸೇರಿದರೆ ಅಂಗಡಿಗೆ ಮಾಲು ತರೋ ದುಡ್ಡಿಗೇ ಕೈ ಹಾಕಬೇಕಾಗುತ್ತದೆ. 'ಬಡ್ಡಿ ಇಲ್ಲ' ಅಂತ ಹೇಳೋ ಕಡೆಯೂ ಪ್ರೊಸೆಸಿಂಗ್ ಫೀ ಎಷ್ಟು ಅಂತ ಕೇಳಿ ನೋಡಿ. ಪ್ಯಾಕೇಜ್ ದರದಲ್ಲೂ ಅಷ್ಟೇ. ಮನೆಯಿಂದ ವಿಮಾನ ನಿಲ್ದಾಣದವರೆಗಿನ ಖರ್ಚು, ಮಧ್ಯಾಹ್ನದ ಊಟ, ಒಳಗೆ ಹೋಗೋ ಟಿಕೆಟ್ಟು ಇವು ಎಷ್ಟೋ ಸಲ ಅದರಲ್ಲಿ ಇರೋದಿಲ್ಲ.

ನಿಮ್ಮ 20 ಸಾವಿರದಲ್ಲಿ ಒಳ್ಳೆ ಪ್ರವಾಸ ಆಗುತ್ತದೆ. ಶಿರಸಿಗೆ ಹೋಗಿ.

ಯಾಕೆ ಶಿರಸಿ ಅಂದರೆ, ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿರುವಾಗ ಅಲ್ಲಿ ಕಾಡಿನ ನೆರಳಿದೆ, ಸಂಜೆ ಒಮ್ಮೊಮ್ಮೆ ಮಳೆಯೂ ಬರುತ್ತದೆ. ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿದರೆ ಸಾಕು. ಶಕ್ತಿ ಯೋಜನೆ ಇರೋದರಿಂದ ನಿಮಗೆ, ಅತ್ತೆಗೆ, ಮಗಳಿಗೆ ಟಿಕೆಟ್ ಇಲ್ಲ. ಮಗನಿಗೆ ಅರ್ಧ, ಯಜಮಾನರಿಗೆ ಮಾತ್ರ ಪೂರ್ತಿ. ಆದರೆ ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇದು ನಡೆಯೋದಿಲ್ಲ, ಸಾಮಾನ್ಯ ಮತ್ತು ವೇಗದೂತ ಬಸ್ಸುಗಳನ್ನೇ ಹಿಡಿಯಬೇಕು. ಮೂವರ ಆಧಾರ್ ಕಾರ್ಡೂ ಕೈಯಲ್ಲಿರಲಿ. ಗೋವಾ, ಮಹಾರಾಷ್ಟ್ರದ ಕಡೆ ಹೊರಟರೆ ಈ ಉಳಿತಾಯ ಇಲ್ಲ, ಅದಕ್ಕೇ ನಾನು ರಾಜ್ಯದೊಳಗಿನ ಊರನ್ನೇ ಹೇಳುತ್ತಿದ್ದೇನೆ.

ದಿನಕ್ಕೊಂದು ಊರಲ್ಲಿ ರೂಮು ಮಾಡಬೇಡಿ. ದುಡ್ಡು ಸೋರಿಹೋಗೋದೇ ಅಲ್ಲಿ. ಮೂರು ರಾತ್ರಿ ಶಿರಸಿಯಲ್ಲೇ ಉಳಿಯಿರಿ. ಸೋಮವಾರದಿಂದ ಗುರುವಾರ ಇಟ್ಟುಕೊಂಡರೆ ಹೋಂಸ್ಟೇಯವರ ಜೊತೆ ದರ ಮಾತಾಡೋದಕ್ಕೂ ಆಗುತ್ತದೆ, ಶನಿವಾರ ಭಾನುವಾರ ಯಾರೂ ಕಡಿಮೆ ಮಾಡೋದಿಲ್ಲ. ಒಂದು ದಿನ ಬನವಾಸಿಯ ಮಧುಕೇಶ್ವರ ದೇವಸ್ಥಾನ ನೋಡಿ. ಅದು ಕದಂಬರ ರಾಜಧಾನಿ, ಮಗಳ ಪಾಠದಲ್ಲೂ ಬಂದಿರುತ್ತದೆ. ಇನ್ನೊಂದು ದಿನ ಶಾಲ್ಮಲಾ ನದಿಯ ಸಹಸ್ರಲಿಂಗ. ಮಳೆಗಾಲದಲ್ಲಿ ಅಲ್ಲಿಗೆ ಹೋದವರಿಗೆ ನೀರೇ ಕಾಣೋದು. ಬಂಡೆಗಳ ಮೇಲೆ ಕೆತ್ತಿದ ಲಿಂಗ, ನಂದಿಗಳನ್ನು ಸರಿಯಾಗಿ ನೋಡಬೇಕು ಅಂದರೆ ನೀರು ಇಳಿದಿರೋ ಬೇಸಿಗೆಯೇ ಬೇಕು. ಮಕ್ಕಳನ್ನು ನದಿಗೆ ಮಾತ್ರ ಇಳಿಸಬೇಡಿ, ಬಂಡೆ ಜಾರುತ್ತದೆ, ಮಧ್ಯೆ ಮಧ್ಯೆ ಆಳವೂ ಇದೆ. ಮೂರನೇ ದಿನ ಯಾಣ. ಅಲ್ಲಿ ನಡೆಯೋದು, ಮೆಟ್ಟಿಲು ಹತ್ತೋದು ಇದೆ. ಅತ್ತೆಗೆ ಕಾಲುನೋವು ಇದ್ದರೆ ಅವರು ಅವತ್ತು ಶಿರಸಿಯಲ್ಲೇ ಮಾರಿಕಾಂಬೆ ದರ್ಶನ ಮಾಡಿಕೊಂಡು ಆರಾಮಾಗಿ ಇರಲಿ, ನೀವಿಬ್ಬರಲ್ಲಿ ಒಬ್ಬರು ಜೊತೆಗಿದ್ದರೆ ಆಯ್ತು. ಯಾಣಕ್ಕೆ ಬಸ್ಸು ಕಡಿಮೆ, ಹಿಂದಿನ ದಿನವೇ ನಿಲ್ದಾಣದಲ್ಲಿ ವೇಳೆ ವಿಚಾರಿಸಿಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದರೆ ದಾರಿಯಲ್ಲಿ ಹೋಟೆಲ್ ಖರ್ಚೂ ಇಲ್ಲ, ಹೊಟ್ಟೆ ಕೆಡೋ ಭಯವೂ ಇಲ್ಲ.

ಇನ್ನು ವಿಮಾನ. ಮಕ್ಕಳ ಆಸೆ ತಪ್ಪಲ್ಲ, ಬೈಯಬೇಡಿ. ಆದರೆ ರಜೆ ದಿನಗಳಲ್ಲಿ ಟಿಕೆಟ್ ದರ ಏರಿರುತ್ತದೆ. ಮಳೆಗಾಲದಲ್ಲಿ ದರ ನೋಡಿಕೊಂಡು ಬೆಳಗಾವಿಯ ಸಾಂಬ್ರಾದಿಂದ ಬೆಂಗಳೂರಿಗೆ ಒಂದು ಕಡೆ ಮಾತ್ರ ವಿಮಾನದಲ್ಲಿ ಹೋಗಿ, ವಾಪಸ್ ರೈಲಿಗೆ ಬನ್ನಿ. ಅದಕ್ಕೆ ಇವತ್ತಿನಿಂದಲೇ ಮಕ್ಕಳ ಕೈಲಿ ಡಬ್ಬಿಯಲ್ಲಿ ದುಡ್ಡು ಹಾಕಿಸಿ.

ಪ್ರಶ್ನೆ: ವಯಸ್ಸಾದ ತಂದೆ ತಾಯಿಯನ್ನು ಮೇ ತಿಂಗಳಲ್ಲಿ ಮೈಸೂರಿಗೆ ಕರೆದೊಯ್ಯಬೇಕು. ಯಾವ ರೈಲು? ಟಿಕೆಟ್ ಯಾವಾಗ ಮಾಡಿಸಲಿ?
– ಓದುಗರು, ಬಾಗಲಕೋಟೆ

ಉತ್ತರ: ಬಸವ ಎಕ್ಸ್‌ಪ್ರೆಸ್ ನಿಮ್ಮೂರಿಂದಲೇ ಹೊರಡುತ್ತದೆ, ಆದರೆ ಸೊಲ್ಲಾಪುರ, ಕಲಬುರಗಿ ಸುತ್ತಿ ಹೋಗುತ್ತದೆ. ಹಿರಿಯರನ್ನು ಅಷ್ಟು ಹೊತ್ತು ಕೂರಿಸೋದು ಬೇಡ. ಗದಗ, ಹುಬ್ಬಳ್ಳಿ ಮೇಲೆ ಹೋಗೋ ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿಯಿರಿ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಅಂದರೆ ಮೇ 10ರ ಪ್ರಯಾಣಕ್ಕೆ ಮಾರ್ಚ್ 11ಕ್ಕೇ ಟಿಕೆಟ್ ಶುರುವಾಗುತ್ತದೆ. ತತ್ಕಾಲ್ ನಂಬಿಕೊಂಡು ಕೂರಬೇಡಿ. ಅದಕ್ಕೆ ನಿಮ್ಮ ರೈಲು ಬುಕಿಂಗ್ ಖಾತೆಗೆ ಆಧಾರ್ ಜೋಡಣೆ ಬೇರೆ ಆಗಿರಬೇಕು. ಹಿರಿಯರ ರಿಯಾಯಿತಿ 2020ರಲ್ಲೇ ನಿಂತಿದೆ, ಕೆಳಗಿನ ಬರ್ತ್ ಕೋಟಾ ಮಾತ್ರ ಇದೆ. ಬುಕ್ ಮಾಡುವಾಗ ಅದನ್ನೇ ಆರಿಸಿ.

ಪ್ರಶ್ನೆ: ಪುಣೆಯಿಂದ ನೆಂಟರು ಏಪ್ರಿಲ್ ಕೊನೆಗೆ ಬರುತ್ತಾರೆ. ಗೋಕಾಕ ಫಾಲ್ಸ್ ತೋರಿಸೋಣ ಅಂತಿದ್ದೇನೆ.
– ಓದುಗರು, ಬೆಳಗಾವಿ

ಉತ್ತರ: ಈಗ ಬೇಡ. ಬೇಸಿಗೆಯಲ್ಲಿ ಅಲ್ಲಿ ಬರೀ ಬಂಡೆ ಕಾಣುತ್ತದೆ. ಘಟಪ್ರಭೆ 170 ಅಡಿಯಿಂದ ತುಂಬಿ ಬೀಳೋದು ಮಳೆಗಾಲದಲ್ಲಿ, ಜುಲೈ ಆಗಸ್ಟ್‌ಗೆ ಮತ್ತೆ ಕರೆಯಿರಿ. ಈ ಸಲ ಖಾನಾಪುರ ತಾಲ್ಲೂಕಿನ ಹಲಸಿಗೆ ಕರೆದೊಯ್ಯಿರಿ. ಭೂವರಾಹ ನರಸಿಂಹ ದೇವಸ್ಥಾನ ಇದೆ, ಜನಜಂಗುಳಿ ಕಡಿಮೆ. ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಗೇ ಬರಬಹುದು.